ಮಕ್ಕಳ ಮೆದುಳಿನ ಗಡ್ಡೆ ಮತ್ತು ಡಾ. ಮಿಶೆಲ್ ಮೋಂಜೆ

ಚೋರ್ಲಾ ಘಾಟಿನ ಬಸ್ಸಿನಲ್ಲಿ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ. ತಾಯಿಯ ಮಡಿಲಲ್ಲಿ ಮಲಗಿದ ಮಗು, ಪಕ್ಕದಲ್ಲಿ ತಂದೆ, ಅವನ ಕೈಯಲ್ಲಿ ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಲಕೋಟೆ. ಗೋವೆಯ ಬಾಂಬೋಳಿ ಆಸ್ಪತ್ರೆಯಿಂದ ಬೆಳಗಾವಿಗೆ, ಬೆಳಗಾವಿಯಿಂದ ಬೆಂಗಳೂರಿಗೆ, ಇಲ್ಲವೇ ಮುಂಬಯಿಗೆ... ಗಡಿಯ ಈಚೆ ಕನ್ನಡ, ಆಚೆ ಕೊಂಕಣಿ, ಮರಾಠಿ. ಲಕೋಟೆಯೊಳಗಿನ ವರದಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಏನಿದೆಯೆಂದು ಓದಿ ಹೇಳುವವರಿಗಾಗಿ ಮನೆಮಂದಿ ಕಾಯುತ್ತಾರೆ.

ಅಂಥ ಲಕೋಟೆಗಳಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ಒಂದು ಹೆಸರು 'ಡಿಐಪಿಜಿ'. ಇದು ಮಕ್ಕಳ ಮೆದುಳಿನ ಕಾಂಡದಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆ. "ಇದಕ್ಕೆ ಮಾಡುವುದೇನೂ ಇಲ್ಲ" ಎಂಬ ಮಾತನ್ನು ಜಗತ್ತಿನ ಎಲ್ಲ ದೇಶಗಳ ವೈದ್ಯರೂ ಹಲವು ದಶಕಗಳ ಕಾಲ ಹೇಳುತ್ತ ಬಂದರು. ಆ ಮಾತನ್ನು ಒಪ್ಪದೆ ಇದೇ ರೋಗದ ಬೆನ್ನು ಹತ್ತಿದ ಮಕ್ಕಳ ನರರೋಗ ತಜ್ಞೆ ಅಮೆರಿಕದ ಡಾ. ಮಿಶೆಲ್ ಮೋಂಜೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರೋಗಿಗಳನ್ನು ನೋಡುತ್ತಲೇ ಪ್ರಯೋಗಾಲಯವನ್ನೂ ನಡೆಸುವವರು. 2025ರಲ್ಲಿ ಮೆದುಳು ವಿಜ್ಞಾನದ ದೊಡ್ಡ ಗೌರವವಾದ 'ಬ್ರೈನ್ ಪ್ರೈಜ್' ಇವರಿಗೆ ಮತ್ತು ಜರ್ಮನಿಯ ಡಾ. ಫ್ರಾಂಕ್ ವಿಂಕ್ಲರ್ ಅವರಿಗೆ ಜಂಟಿಯಾಗಿ ಸಂದಿತು.

ಅಮೆರಿಕದ ವೈದ್ಯೆಯೊಬ್ಬರ ಕತೆ ಗಡಿನಾಡಿನ ನಮಗೇಕೆ ಎಂದು ಕೇಳಬಹುದು. ಈ ರೋಗಕ್ಕೆ ಊರು, ಭಾಷೆ, ಜಾತಿ ಯಾವುದೂ ಗೊತ್ತಿಲ್ಲ. ರೋಗ ಬಂದ ಮನೆಯವರಿಗೆ ಸರಿಯಾದ ಮಾಹಿತಿ ಬೇಕು. ಸುಳ್ಳು ಭರವಸೆಯೂ ಬೇಡ, ಸುಳ್ಳು ನಿರಾಶೆಯೂ ಬೇಡ. ಅದಕ್ಕಾಗಿ ಈ ಪರಿಚಯ.

ಏನಿದು ಕಾಯಿಲೆ?

ನಮ್ಮ ತಲೆಯ ಹಿಂಭಾಗದಲ್ಲಿ, ಮೆದುಳು ಬೆನ್ನುಹುರಿಗೆ ಸೇರುವ ಕಡೆ ಮೆದುಳಿನ ಕಾಂಡವಿದೆ. ಅದರ ನಡುಭಾಗಕ್ಕೆ 'ಪಾನ್ಸ್' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಸೇತುವೆ ಎಂದರ್ಥ. ನಿಜಕ್ಕೂ ಅದೊಂದು ಸೇತುವೆಯೇ. ಕಣ್ಣು ತಿರುಗಿಸುವುದು, ಮುಖ ಆಡಿಸುವುದು, ನುಂಗುವುದು, ಉಸಿರಾಡುವುದು, ಕೈಕಾಲುಗಳಿಗೆ ಮೆದುಳಿನ ಅಪ್ಪಣೆ ತಲುಪುವುದು ಎಲ್ಲಕ್ಕೂ ಈ ಸಣ್ಣ ಜಾಗವೇ ದಾರಿ.

ಡಿಐಪಿಜಿ ಗಡ್ಡೆ ಹುಟ್ಟುವುದು ಇಲ್ಲಿಯೇ. ಉಳಿದ ಗಡ್ಡೆಗಳಂತೆ ಇದು ಒಂದು ಕಡೆ ಉಂಡೆಯಾಗಿ ಕೂರುವುದಿಲ್ಲ. ಮರಳಿನಲ್ಲಿ ನೀರು ಇಂಗಿದಂತೆ ಒಳ್ಳೆಯ ಜೀವಕೋಶಗಳ ನಡುವೆಯೇ ಹರಡಿಕೊಳ್ಳುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆ ಮಾಡಿ ಇದನ್ನು ತೆಗೆಯಲಾಗದು. ಗಡ್ಡೆ ತೆಗೆಯಹೋದರೆ ಸೇತುವೆಯೇ ಹೋಗುತ್ತದೆ.

ಹೆಚ್ಚಾಗಿ ಕಾಣಿಸಿಕೊಳ್ಳುವುದು ಐದರಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ. ಅಮೆರಿಕದಂಥ ದೊಡ್ಡ ದೇಶದಲ್ಲೂ ವರ್ಷಕ್ಕೆ ಕೆಲವು ನೂರು ಮಕ್ಕಳಿಗೆ ಮಾತ್ರ ಬರುವ ಅಪರೂಪದ ರೋಗವಿದು. ಆದರೆ ಬಂದರೆ ಬಹುಪಾಲು ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲೇ ತೀರಿಕೊಳ್ಳುತ್ತಾರೆ. ಐದು ವರ್ಷ ಬದುಕುವವರು ನೂರಕ್ಕೆ ಒಬ್ಬಿಬ್ಬರು.

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಪುಟ್ಟ ಮಗಳು ಕರೆನ್ ಇದೇ ರೋಗದಿಂದ 1962ರ ಜನವರಿಯಲ್ಲಿ ತೀರಿಕೊಂಡಳು. ಆಗ ಅವಳಿಗೆ ಮೂರು ವರ್ಷವೂ ತುಂಬಿರಲಿಲ್ಲ. ಅವಳಿಗೆ ಕೊಟ್ಟದ್ದು ವಿಕಿರಣ ಚಿಕಿತ್ಸೆ. ಏಳೂವರೆ ವರ್ಷಗಳ ನಂತರ ಆಕೆಯ ತಂದೆ ಚಂದ್ರನ ಮೇಲಿಳಿದರು. ಐವತ್ತು ವರ್ಷ ಕಳೆದ ಮೇಲೂ ಈ ರೋಗದ ಮಕ್ಕಳಿಗೆ ಸಿಗುತ್ತಿದ್ದುದು ಅದೇ ವಿಕಿರಣ ಚಿಕಿತ್ಸೆ! ನೂರಾರು ಔಷಧಗಳ ಪ್ರಯೋಗ ನಡೆದರೂ ಯಾವುದೂ ಫಲ ಕೊಟ್ಟಿರಲಿಲ್ಲ.

ಓದು, ಮತ್ತು ಮೊದಲ ಪ್ರಶ್ನೆ

ಮಿಶೆಲ್ ಮೋಂಜೆ ನ್ಯೂಯಾರ್ಕ್ ರಾಜ್ಯದ ವಸ್ಸಾರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಪದವಿ ಪಡೆದು ಸ್ಟ್ಯಾನ್‌ಫೋರ್ಡ್‌ಗೆ ಬಂದರು. ಅಲ್ಲಿ ವೈದ್ಯಕೀಯ ಮತ್ತು ನರವಿಜ್ಞಾನದ ಸಂಶೋಧನೆ ಎರಡನ್ನೂ ಒಟ್ಟಿಗೆ ಓದಿದರು. ಆಮೇಲೆ ಬಾಸ್ಟನ್‌ನಲ್ಲಿ ಹಾರ್ವರ್ಡ್‌ಗೆ ಸೇರಿದ ಆಸ್ಪತ್ರೆಗಳಲ್ಲಿ ನರರೋಗ ಚಿಕಿತ್ಸೆಯ ತರಬೇತಿ ಪಡೆದು ಮತ್ತೆ ಸ್ಟ್ಯಾನ್‌ಫೋರ್ಡ್‌ಗೆ ಮರಳಿದರು.

ವಿದ್ಯಾರ್ಥಿನಿಯಾಗಿದ್ದಾಗಲೇ ಅವರ ಗಮನ ಸೆಳೆದದ್ದು ಕ್ಯಾನ್ಸರ್ ಗೆದ್ದ ಮಕ್ಕಳು. ತಲೆಗೆ ವಿಕಿರಣ ಕೊಟ್ಟು ಬದುಕಿಸಿದ ಮಕ್ಕಳಲ್ಲಿ ಅನೇಕರು ಆಮೇಲೆ ಪಾಠದಲ್ಲಿ ಹಿಂದೆ ಬೀಳುತ್ತಾರೆ, ನೆನಪು ಕುಂದುತ್ತದೆ. ಇದು ಏಕೆ? ಪ್ರಾಧ್ಯಾಪಕ ಥಿಯೋ ಪಾಮರ್ ಅವರ ಪ್ರಯೋಗಾಲಯದಲ್ಲಿ ಮೋಂಜೆ ಇದಕ್ಕೆ ಉತ್ತರ ಹುಡುಕಿದರು. ನೆನಪಿನ ಕೇಂದ್ರವಾದ ಹಿಪ್ಪೋಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹುಟ್ಟುತ್ತಿರುತ್ತವೆ. ವಿಕಿರಣ ತಾಗಿದ ಮೇಲೆ ಆ ಹುಟ್ಟು ನಿಲ್ಲುತ್ತದೆ. ಕೋಶಗಳು ಸಾಯುವುದಷ್ಟೇ ಇದಕ್ಕೆ ಕಾರಣವಲ್ಲ, ಸುತ್ತಲಿನ ಉರಿಯೂತದಿಂದ ವಾತಾವರಣವೇ ಕೆಟ್ಟಿರುತ್ತದೆ ಎಂದು 2002ರಲ್ಲಿ ತೋರಿಸಿದರು. ಮರುವರ್ಷ, 2003ರಲ್ಲಿ, ಉರಿಯೂತ ತಗ್ಗಿಸುವ ಔಷಧ ಕೊಟ್ಟಾಗ ಪ್ರಯೋಗದ ಇಲಿಗಳಲ್ಲಿ ಹೊಸ ನರಕೋಶಗಳ ಹುಟ್ಟು ಮತ್ತೆ ಶುರುವಾಗುವುದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದೇ ಓದಿನ ದಿನಗಳಲ್ಲಿ ವಾರ್ಡಿನಲ್ಲಿ ಅವರು ಡಿಐಪಿಜಿ ಇದ್ದ ಮಗುವೊಂದನ್ನು ನೋಡಿದರು. ಪುಸ್ತಕ ತೆಗೆದರೆ ಆ ರೋಗದ ಬಗ್ಗೆ ಬರೆದದ್ದು ತೀರಾ ಕಡಿಮೆ. ಹಿರಿಯರನ್ನು ಕೇಳಿದರೂ ಉತ್ತರವಿಲ್ಲ. ಅಂದಿನ ಆ ಅನುಭವವೇ ತಮ್ಮ ದಾರಿಯನ್ನು ತೀರ್ಮಾನಿಸಿತೆಂದು ಅವರು ಹೇಳಿಕೊಂಡಿದ್ದಾರೆ.

ಹೆತ್ತವರು ಕೊಟ್ಟ ದಾನ

ರೋಗವನ್ನು ಅರಿಯಬೇಕಾದರೆ ರೋಗದ ಜೀವಕೋಶ ಕೈಯಲ್ಲಿರಬೇಕು. ಬೇರೆ ಕ್ಯಾನ್ಸರ್‌ಗಳಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ಸಿಗುತ್ತದೆ. ಇಲ್ಲಿ ಶಸ್ತ್ರಚಿಕಿತ್ಸೆಯೇ ಇಲ್ಲ. ಎಂಆರ್‌ಐ ಚಿತ್ರ ನೋಡಿಯೇ ರೋಗ ನಿರ್ಧಾರವಾಗುತ್ತಿದ್ದುದರಿಂದ ಸೂಜಿ ಹಾಕಿ ತುಣುಕು ತೆಗೆಯುವುದನ್ನೂ ವೈದ್ಯರು ಬಹುಕಾಲ ಬಿಟ್ಟಿದ್ದರು. ಹೀಗಾಗಿ ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ಗಡ್ಡೆಯ ಮಾದರಿಯೇ ಇರಲಿಲ್ಲ. ಮಾದರಿಯಿಲ್ಲದೆ ಸಂಶೋಧನೆಯಿಲ್ಲ, ಸಂಶೋಧನೆಯಿಲ್ಲದೆ ಔಷಧವಿಲ್ಲ.

ಈ ಗಂಟನ್ನು ಬಿಡಿಸಿದವರು ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಯರು. ಮಗು ತೀರಿಕೊಂಡ ಕೆಲವೇ ಗಂಟೆಗಳಲ್ಲಿ ಗಡ್ಡೆಯ ಭಾಗವನ್ನು ಸಂಶೋಧನೆಗೆ ಕೊಡಲು ಅವರು ಒಪ್ಪಿದರು. ಐದು ವರ್ಷದ ಬಾಲಕನೊಬ್ಬನ ಹೆತ್ತವರು ಕೊಟ್ಟ ಅಂಥ ದಾನದಿಂದ ಮೋಂಜೆ ಮತ್ತು ಸಂಗಡಿಗರು ಆ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬದುಕಿಸಿ ಬೆಳೆಸಿದರು. 2011ರಲ್ಲಿ ಪ್ರಕಟವಾದ ಆ ಕೆಲಸ ಈ ಕ್ಷೇತ್ರದಲ್ಲಿ ಹೊಸ ಬಾಗಿಲು ತೆರೆಯಿತು. ಮುಂದೆ ಇನ್ನಷ್ಟು ಕುಟುಂಬಗಳು ಕೊಟ್ಟವು. ಬೆಳೆಸಿದ ಕೋಶಗಳನ್ನು ಮೋಂಜೆ ಅವರು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ ಬೇರೆ ಸಂಶೋಧಕರಿಗೂ ಹಂಚಿದರು.

2012ರಲ್ಲಿ ಅಮೆರಿಕ ಮತ್ತು ಕೆನಡಾದ ಎರಡು ತಂಡಗಳು ದೊಡ್ಡ ಸುಳಿವು ಕೊಟ್ಟವು. ಈ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಹಿಸ್ಟೋನ್ ಎಂಬ ಪ್ರೋಟೀನಿನ ಒಂದೇ ಒಂದು ಕೊಂಡಿ ಬದಲಾಗಿರುತ್ತದೆ. ಡಿಎನ್‌ಎ ಎಳೆಯನ್ನು ಸುತ್ತಿಡುವ ಉರುಳೆಯೇ ಹಿಸ್ಟೋನ್. ಅದು ಕೆಟ್ಟರೆ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಲೆಕ್ಕವೇ ತಪ್ಪುತ್ತದೆ. 'ಎಚ್3 ಕೆ27ಎಂ' ಎಂದು ಈ ಬದಲಾವಣೆಯ ಹೆಸರು. ಬೆನ್ನುಹುರಿ ಮತ್ತು ಥಲಾಮಸ್‌ನಲ್ಲಿ ಬೆಳೆಯುವ ಕೆಲವು ಗಡ್ಡೆಗಳಲ್ಲೂ ಇದೇ ದೋಷ ಕಂಡದ್ದರಿಂದ ಎಲ್ಲವನ್ನೂ ಸೇರಿಸಿ 'ಡಿಫ್ಯೂಸ್ ಮಿಡ್‌ಲೈನ್ ಗ್ಲಯೋಮಾ' ಎಂದು ಈಗ ಕರೆಯುತ್ತಾರೆ. ನಿಮ್ಮ ಕೈಯಲ್ಲಿರುವ ವರದಿಯಲ್ಲಿ ಈ ಹೆಸರಿದ್ದರೆ ಅದು ಬೇರೆ ರೋಗವೆಂದು ತಿಳಿಯಬೇಡಿ.

ಮೆದುಳಿನ ಮಾತು ಕೇಳಿ ಬೆಳೆಯುವ ಗಡ್ಡೆ

ಮೋಂಜೆ ಅವರ ಮುಖ್ಯ ಕೊಡುಗೆ ಇರುವುದು ಇಲ್ಲಿ. ಅವರು ಮಕ್ಕಳ ನರರೋಗ ತಜ್ಞೆ. ಹಾಗಾಗಿ ಕ್ಯಾನ್ಸರ್ ತಜ್ಞರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದನ್ನು ಕೇಳಿದರು. ಈ ಗಡ್ಡೆ ಇದೇ ವಯಸ್ಸಿನಲ್ಲಿ, ಇದೇ ಜಾಗದಲ್ಲಿ ಏಕೆ ಬರುತ್ತದೆ? ಮಗು ನಡೆಯಲು, ಓಡಲು, ಸೈಕಲ್ ಹೊಡೆಯಲು ಕಲಿಯುವ ಕಾಲದಲ್ಲಿ ಆ ಭಾಗದ ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಬೆಳೆಯುತ್ತದೆ. ವಿದ್ಯುತ್ ತಂತಿಯ ಮೇಲಿನ ರಬ್ಬರಿನಂತೆ. ಆ ಹೊದಿಕೆ ತಯಾರಿಸುವ ಕೋಶಗಳ ಬೆಳವಣಿಗೆ ಹಾದಿ ತಪ್ಪಿದಾಗ ಗಡ್ಡೆಯಾಗುತ್ತಿರಬಹುದೇ?

2014ರಲ್ಲಿ ಅವರ ತಂಡ, ನರಕೋಶಗಳು ಹೆಚ್ಚು ಕೆಲಸ ಮಾಡಿದ ಕಡೆ ಈ ಹೊದಿಕೆಯೂ ಹೆಚ್ಚು ಬೆಳೆಯುತ್ತದೆಂದು ಇಲಿಗಳಲ್ಲಿ ತೋರಿಸಿತು. ಬೆಳಕಿನಿಂದ ನರಕೋಶಗಳನ್ನು ಚಾಲೂ ಮಾಡುವ 'ಆಪ್ಟೋಜೆನೆಟಿಕ್ಸ್' ವಿಧಾನವನ್ನು ಇದಕ್ಕೆ ಬಳಸಿದರು. ಈ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ಕಾರ್ಲ್ ಡೈಸೆರಾತ್ ಮೋಂಜೆ ಅವರ ಪತಿ.

ಒಳ್ಳೆಯ ಕೋಶಗಳು ಹೀಗೆ ಬೆಳೆಯುವುದಾದರೆ ಕೆಟ್ಟ ಕೋಶಗಳು? 2015ರಲ್ಲಿ ಉತ್ತರ ಬಂತು. ನರಕೋಶಗಳು ಚುರುಕಾದಾಗ ಗಡ್ಡೆಯೂ ಬೇಗ ಬೆಳೆಯಿತು! ಆಗ ಹೊರಬೀಳುವ ನ್ಯೂರೋಲಿಜಿನ್-3 ಎಂಬ ಪ್ರೋಟೀನು ಗಡ್ಡೆಗೆ ಗೊಬ್ಬರವಾಗುತ್ತದೆ. ಈ ಕೆಲಸದ ಮೊದಲ ಲೇಖಕಿ ಹಂಸಾ ವೆಂಕಟೇಶ್. 2017ರಲ್ಲಿ ಅದೇ ತಂಡ, ಈ ಪ್ರೋಟೀನು ಇಲ್ಲದ ಇಲಿಗಳ ಮೆದುಳಿನಲ್ಲಿ ಮನುಷ್ಯರ ಗಡ್ಡೆ ಹೆಚ್ಚು ಬೆಳೆಯದೆ ನಿಲ್ಲುವುದನ್ನು ತೋರಿಸಿತು. 2019ರಲ್ಲಿ ಇನ್ನೂ ಬೆರಗಿನ ಸಂಗತಿ ಹೊರಬಿತ್ತು. ಗಡ್ಡೆಯ ಕೋಶಗಳು ಒಳ್ಳೆಯ ನರಕೋಶಗಳೊಂದಿಗೆ ನೇರ ಸಂಪರ್ಕವನ್ನೇ ಬೆಸೆದುಕೊಂಡು ಅವುಗಳಿಂದ ವಿದ್ಯುತ್ ಸಂಕೇತ ಪಡೆಯುತ್ತವೆ. ಅಂದರೆ ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟ್ ಕದ್ದಂತೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಫ್ರಾಂಕ್ ವಿಂಕ್ಲರ್ ಮತ್ತು ಸಂಗಡಿಗರು ಇದೇ ತೀರ್ಮಾನಕ್ಕೆ ಸ್ವತಂತ್ರವಾಗಿ ಬಂದಿದ್ದರು. ಎರಡೂ ವರದಿಗಳು 'ನೇಚರ್' ಪತ್ರಿಕೆಯಲ್ಲಿ ಒಟ್ಟಿಗೇ ಪ್ರಕಟವಾದವು. 'ಕ್ಯಾನ್ಸರ್ ನರವಿಜ್ಞಾನ' ಎಂಬ ಹೊಸ ಶಾಖೆಗೆ ಬುನಾದಿ ಬಿದ್ದದ್ದು ಹೀಗೆ. ಬ್ರೈನ್ ಪ್ರೈಜ್ ಸಂದದ್ದೂ ಇದಕ್ಕೇ.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಮಗು ಓದಿದ್ದರಿಂದ, ಆಡಿದ್ದರಿಂದ, ಟಿವಿ ನೋಡಿದ್ದರಿಂದ ಗಡ್ಡೆ ಬಂತೆಂದು ಇದರ ಅರ್ಥವಲ್ಲ. ತಾಯಿ ಬಸುರಿಯಲ್ಲಿ ಏನೋ ತಿಂದದ್ದರಿಂದಲೂ ಅಲ್ಲ. ಹೆತ್ತವರ ತಪ್ಪಿನಿಂದ ಬರುವ ರೋಗ ಇದಲ್ಲ.

ಪ್ರಯೋಗಾಲಯದಿಂದ ಮಗುವಿನ ಹಾಸಿಗೆಗೆ

ಕ್ಯಾನ್ಸರ್ ವಿರುದ್ಧ ಹೋರಾಡಲು ರೋಗಿಯ ರಕ್ತದ ಬಿಳಿಕೋಶಗಳನ್ನೇ ತರಬೇತು ಮಾಡುವ ವಿಧಾನಕ್ಕೆ 'ಕಾರ್-ಟಿ' ಎನ್ನುತ್ತಾರೆ. ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಗುರುತನ್ನು ಹಿಡಿಯುವ ಸಾಮರ್ಥ್ಯವನ್ನು ಪ್ರಯೋಗಾಲಯದಲ್ಲಿ ಅವಕ್ಕೆ ಕೂಡಿಸಿ, ಮತ್ತೆ ಮೈಗೆ ಸೇರಿಸುವುದು. ರಕ್ತದ ಕ್ಯಾನ್ಸರ್‌ನಲ್ಲಿ ಇದು ಯಶಸ್ವಿಯಾಗಿತ್ತು. ಮೆದುಳಿನ ಗಡ್ಡೆಯಲ್ಲಿ ಆಗೀತೇ?

ಡಿಐಪಿಜಿ ಕೋಶಗಳ ಹೊರಮೈಯಲ್ಲಿ ಜಿಡಿ2 ಎಂಬ ಗುರುತು ದಟ್ಟವಾಗಿರುವುದನ್ನು ಮೋಂಜೆ ಮತ್ತು ಸ್ಟ್ಯಾನ್‌ಫೋರ್ಡ್‌ನವರೇ ಆದ ಕ್ಯಾನ್ಸರ್ ತಜ್ಞೆ ಡಾ. ಕ್ರಿಸ್ಟಲ್ ಮೆಕಾಲ್ ಅವರ ತಂಡಗಳು ಗುರುತಿಸಿದವು. 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಗಡ್ಡೆ ಬಹುತೇಕ ಕರಗಿತು. ಆದರೆ ಕೆಲವು ಇಲಿಗಳು ಮೆದುಳು ಊದಿಕೊಂಡು ಸತ್ತವು. ಇಕ್ಕಟ್ಟಾದ ಜಾಗದಲ್ಲಿ ಯುದ್ಧ ನಡೆದರೆ ಊತ ಬರುತ್ತದೆ. ಆ ಊತವೇ ಜೀವ ತೆಗೆಯಬಹುದು. ಹೀಗಾಗಿ 2020ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಆರಂಭವಾದಾಗ ತೀವ್ರ ನಿಗಾ, ಊತ ಇಳಿಸುವ ಸಿದ್ಧತೆ ಎಲ್ಲವೂ ಇತ್ತು. ಮೊದಲ ಸಲ ರಕ್ತನಾಳದ ಮೂಲಕ, ಆಮೇಲೆ ತಲೆಯೊಳಗಿನ ದ್ರವಕ್ಕೆ ನೇರವಾಗಿ ಕೋಶಗಳನ್ನು ಕೊಡಲಾಯಿತು.

2022ರಲ್ಲಿ ಮೊದಲ ನಾಲ್ವರ ಫಲಿತಾಂಶ ಪ್ರಕಟವಾಯಿತು. ಮೂವರಿಗೆ ಪ್ರಯೋಜನವಾಗಿತ್ತು. 2024ರ ನವೆಂಬರ್‌ನಲ್ಲಿ 11 ಮಂದಿಯ ವರದಿ ಬಂತು. ಒಂಬತ್ತು ಮಂದಿಯಲ್ಲಿ ಸುಧಾರಣೆ ಕಂಡಿತು. ನಾಲ್ವರಲ್ಲಿ ಗಡ್ಡೆಯ ಗಾತ್ರ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅವರಲ್ಲಿ ಒಬ್ಬರ ಗಡ್ಡೆ ಸ್ಕ್ಯಾನಿಂಗ್‌ನಲ್ಲಿ ಕಾಣದಷ್ಟು ಪೂರ್ತಿ ಮಾಯವಾಯಿತು. ರೋಗ ಪತ್ತೆಯಾಗಿ ನಾಲ್ಕು ವರ್ಷ ಕಳೆದರೂ ಅವರು ಆರೋಗ್ಯವಾಗಿದ್ದಾರೆಂದು ಆಗ ವರದಿಯಾಗಿತ್ತು. ಉಳಿದ ಅನೇಕರನ್ನು ರೋಗ ಮತ್ತೆ ಹಿಡಿಯಿತು. 11 ಮಂದಿ ಎಂದರೆ ಸಣ್ಣ ಸಂಖ್ಯೆ. ಇದನ್ನು ಗುಣಪಡಿಸುವ ಚಿಕಿತ್ಸೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಕರೆನ್ ಆರ್ಮ್‌ಸ್ಟ್ರಾಂಗ್ ಕಾಲದಿಂದ ಕದಲದೆ ನಿಂತಿದ್ದ ಗೋಡೆಯಲ್ಲಿ ಬಿರುಕು ಬಿಟ್ಟದ್ದು ನಿಜ.

ಇನ್ನೊಂದು ದಾರಿಯಲ್ಲೂ ಹೆಜ್ಜೆ ಮುಂದೆ ಬಿದ್ದಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜಾತಿಯ ಗಡ್ಡೆ ಮರುಕಳಿಸಿದವರಿಗಾಗಿ 'ಡಾರ್ಡಾವಿಪ್ರೋನ್' ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. ಪರೀಕ್ಷೆಗೊಳಗಾದ 50 ರೋಗಿಗಳಲ್ಲಿ ಶೇ. 22ರಷ್ಟು ಮಂದಿಯಲ್ಲಿ ಗಡ್ಡೆ ಕುಗ್ಗಿತ್ತು. ಇದೂ ಮದ್ದಿನ ಪೂರ್ಣ ಗೆಲುವಲ್ಲ, ಆರಂಭ.

ಚಿಕಿತ್ಸೆ ಮುಗಿದ ಮೇಲಿನ ಬದುಕು

ಮೋಂಜೆ ತಮ್ಮ ಮೊದಲ ಪ್ರಶ್ನೆಯನ್ನು ಮರೆಯಲಿಲ್ಲ. ಕ್ಯಾನ್ಸರ್ ಔಷಧ ಪಡೆದವರು "ತಲೆ ಮಂಜಾಗಿದೆ, ನೆನಪಾಗುತ್ತಿಲ್ಲ" ಎನ್ನುವುದುಂಟು. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಬಳಸುವ ಮೆಥೋಟ್ರೆಕ್ಸೇಟ್ ಔಷಧ ಮೆದುಳಿನ ಕಾವಲು ಕೋಶಗಳನ್ನು ಕೆರಳಿಸಿ ಮಯಲಿನ್ ಹೊದಿಕೆಯನ್ನು ಹಾಳುಮಾಡುವ ಬಗೆಯನ್ನು ಅವರ ತಂಡ 2018ರಲ್ಲಿ ಬಿಡಿಸಿಟ್ಟಿತು. 2022ರಲ್ಲಿ ಕೋವಿಡ್ ನಂತರ ಕೆಲವರಿಗೆ ಕಾಡುವ ಮರೆವಿಗೂ ಇದನ್ನೇ ಹೋಲುವ ಕಾರಣವಿದೆಯೆಂದು ತೋರಿಸಿತು. ಹಾಗೆಂದು ಈ ಔಷಧ ಬೇಡವೆನ್ನಬಾರದು. ಸಾವಿರಾರು ಮಕ್ಕಳ ಜೀವ ಉಳಿಸಿರುವ ಔಷಧ ಅದು. ಉಳಿದ ಜೀವ ಚೆನ್ನಾಗಿಯೂ ಬಾಳಬೇಕು ಎಂಬುದಷ್ಟೇ ಈ ಸಂಶೋಧನೆಯ ಉದ್ದೇಶ.

ಸ್ಟ್ಯಾನ್‌ಫೋರ್ಡ್‌ನಲ್ಲಿ ಮೋಂಜೆ ಅವರ ಪೀಠದ ಹೆಸರು 'ಮಿಲನ್ ಗಂಭೀರ್ ಪ್ರಾಧ್ಯಾಪಕ' ಪೀಠ. ಇದರ ಹಿಂದೆ ಭಾರತೀಯ ಕುಟುಂಬವೊಂದರ ನೋವಿದೆ. ಅಂಬಾಲದಲ್ಲಿ ಹುಟ್ಟಿದ ಡಾ. ಸಂಜೀವ್ ಗಂಭೀರ್ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚುವ ವಿಧಾನಗಳಲ್ಲಿ ಜಗತ್ತಿಗೇ ಹೆಸರಾದ ಸ್ಟ್ಯಾನ್‌ಫೋರ್ಡ್ ವಿಜ್ಞಾನಿ. ಅವರ ಮಗ ಮಿಲನ್ ಹದಿಹರೆಯದಲ್ಲೇ 2015ರಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ. ಗಂಭೀರ್ ಅವರೂ 2020ರಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. ಎಷ್ಟು ತಿಳಿದವರ ಮನೆಯನ್ನೂ ಈ ರೋಗ ಬಿಡಲಿಲ್ಲ.

ನಮ್ಮ ಕಡೆ ಏನು ಮಾಡಬೇಕು?

ಮೊದಲನೆಯದು ಲಕ್ಷಣ. ಈವರೆಗೆ ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಮೆಳ್ಳೆಗಣ್ಣಾಗುವುದು, ಒಂದು ಎರಡಾಗಿ ಕಾಣುವುದು, ಮುಖದ ಒಂದು ಪಕ್ಕ ಜೋಲುವುದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ನೀರು ಕುಡಿದರೆ ನೆತ್ತಿಗೆ ಹತ್ತುವುದು. ಡಿಐಪಿಜಿಯಲ್ಲಿ ಇವು ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮೆದುಳಿನ ಬೇರೆ ಗಡ್ಡೆಗಳಲ್ಲಿ ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ ಬರುವುದುಂಟು. ತಲೆನೋವೆಲ್ಲ ಗಡ್ಡೆಯಲ್ಲ, ಹೆದರಬೇಡಿ. ಆದರೆ ಮೇಲಿನವುಗಳಲ್ಲಿ ಒಂದೆರಡು ಸೇರಿ ಬಂದರೆ "ದೃಷ್ಟಿ ತಗುಲಿದೆ", "ಪಿತ್ತ ಏರಿದೆ" ಎಂದು ತಿಂಗಳು ಕಳೆಯಬೇಡಿ. ದೇವರಿಗೆ ಹರಕೆ ಹೊರಿ, ಬೇಡವೆನ್ನುವವರಿಲ್ಲ. ಅದೇ ದಿನ ಮಕ್ಕಳ ವೈದ್ಯರ ಬಳಿಗೂ ಹೋಗಿ. ಮಕ್ಕಳ ಮೆದುಳಿನ ಗಡ್ಡೆಗಳಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಔಷಧಗಳಿಂದ ಗುಣವಾಗುವಂಥವೂ ಬಹಳಷ್ಟಿವೆ. ಯಾವುದೆಂದು ತಿಳಿಯಬೇಕಾದರೆ ಎಂಆರ್‌ಐ ಬೇಕೇ ಬೇಕು.

ಎರಡನೆಯದು ಎಲ್ಲಿಗೆ ಹೋಗಬೇಕೆಂಬುದು. ಗೋವೆಯಲ್ಲಿರುವವರಿಗೆ ಮೊದಲ ಬಾಗಿಲು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಆರಂಭವಾದ ವೈದ್ಯಶಾಲೆಯ ಮುಂದುವರಿಕೆ ಅದು. ಘಾಟಿನ ಮೇಲಿನವರಿಗೆ ಬೆಳಗಾವಿ, ಹುಬ್ಬಳ್ಳಿ ಹತ್ತಿರ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಅಕ್ಕಪಕ್ಕದಲ್ಲೇ ಇವೆ. ಮೆದುಳಿನ ಪರೀಕ್ಷೆಗೆ ಒಂದು, ಕ್ಯಾನ್ಸರ್ ಚಿಕಿತ್ಸೆಗೆ ಇನ್ನೊಂದು. ಮುಂಬಯಿಯ ಪರೇಲ್‌ನಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯಿದೆ. ಅದರ ಮುಂದಿನ ರಸ್ತೆಗೆ ಅಲ್ಲಿಯೇ ದುಡಿದ ಗೋವಾ ಮೂಲದ ಶಸ್ತ್ರವೈದ್ಯ ಡಾ. ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ಚಿಕಿತ್ಸೆಗೆ ಬಂದ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಡುವ ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳು 2006ರಲ್ಲಿ ಮುಂಬಯಿಯಲ್ಲೇ ಆರಂಭವಾದವು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಮೂರನೆಯದು ಕಾಗದಪತ್ರ. ಗಡಿಯವರಿಗೆ ಇದೇ ದೊಡ್ಡ ತಲೆನೋವು. ದುಡಿಯುವುದು ಗೋವೆಯಲ್ಲಿ, ರೇಷನ್ ಕಾರ್ಡ್ ಊರಿನಲ್ಲಿ. ಗೋವೆಯ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಲ್ಲಿ ಬಂದಾಗ ಅದಕ್ಕೆ ಐದು ವರ್ಷದ ವಾಸದ ಷರತ್ತಿತ್ತು. ಕರ್ನಾಟಕದ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಯಾವ ಕಾರ್ಡ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ರೆಫರಲ್ ಚೀಟಿ ಬೇಕೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ. ಮನೆಮಂದಿಯ ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್, ಸ್ಕ್ಯಾನಿಂಗ್‌ನ ಸಿಡಿ, ಎಲ್ಲ ವರದಿ ಒಂದೇ ಚೀಲದಲ್ಲಿರಲಿ.

ನಾಲ್ಕನೆಯದು ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು. ಗಡ್ಡೆ ಯಾವ ಜಾತಿಯದು? ಬಯಾಪ್ಸಿ ಸಾಧ್ಯವೇ? ಹಿಸ್ಟೋನ್ ಬದಲಾವಣೆಯ ಪರೀಕ್ಷೆ ಆಗಿದೆಯೇ? ವಿಕಿರಣ ಎಷ್ಟು ದಿನ? ಹೊಸ ಔಷಧಗಳ ಪರೀಕ್ಷೆ ಎಲ್ಲಿಯಾದರೂ ನಡೆಯುತ್ತಿದೆಯೇ? ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ. ಕನ್ನಡದಲ್ಲೋ, ಕೊಂಕಣಿಯಲ್ಲೋ, ಮರಾಠಿಯಲ್ಲೋ ಕೇಳಿ, ಉತ್ತರ ಬರೆದುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಡಿಐಪಿಜಿಗೆ ಸಾಮಾನ್ಯವಾಗಿ ಆರು ವಾರ ವಿಕಿರಣ ಕೊಡುತ್ತಾರೆ. ಅದಾದ ಮೇಲೆ ಬಹಳಷ್ಟು ಮಕ್ಕಳು ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತಾರೆ. ಕಣ್ಣು ನೇರವಾಗುತ್ತದೆ, ಮತ್ತೆ ಓಡಾಡುತ್ತಾರೆ. ಈ ಸುಧಾರಣೆ ಹೆಚ್ಚಾಗಿ ಕೆಲವು ತಿಂಗಳದ್ದು. ಇದೇ ಹೊತ್ತಿನಲ್ಲಿ ಯಾರೋ ಹೇಳಿದ ನಾಟಿ ಔಷಧ ಕುಡಿಸಿದ್ದರೆ ಅದರಿಂದಲೇ ಗುಣವಾಯಿತೆಂದು ಸುದ್ದಿ ಹಬ್ಬುತ್ತದೆ. ಸುದ್ದಿ ನಂಬಿದ ಇನ್ನೊಂದು ಮನೆಯವರು ಹೊಲ ಮಾರುತ್ತಾರೆ. 'ಕಾರ್-ಟಿ' ಹೆಸರಿನಲ್ಲೂ ಮೋಸ ಹೋಗಬೇಡಿ. ಐಐಟಿ ಮುಂಬಯಿ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನಮ್ಮದೇ ದೇಶದ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿರುವುದು ಕೆಲವು ಬಗೆಯ ರಕ್ತ ಮತ್ತು ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆ ಮಾತ್ರ, ಮೆದುಳಿನ ಗಡ್ಡೆಗಲ್ಲ.

ಗುಣವಾಗದ ಹಂತ ಬಂದರೂ "ಮಾಡುವುದೇನೂ ಇಲ್ಲ" ಎಂಬ ಮಾತು ಸರಿಯಲ್ಲ. ನೋವು, ವಾಂತಿ, ಉಸಿರಿನ ಕಷ್ಟ ತಗ್ಗಿಸುವ ಉಪಶಾಮಕ ಚಿಕಿತ್ಸೆ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಮಗು ಇರುವಷ್ಟು ದಿನ ನೋವಿಲ್ಲದೆ ಇರುವಂತೆ ನೋಡಿಕೊಳ್ಳುವುದೂ ವೈದ್ಯಕೀಯವೇ.

ಒಂದು ನೋಟ

2002, 2003: ವಿಕಿರಣದಿಂದ ನೆನಪಿನ ಕೇಂದ್ರಕ್ಕಾಗುವ ಹಾನಿಯ ಸಂಶೋಧನೆ.
2011: ದಾನವಾಗಿ ಬಂದ ಗಡ್ಡೆಯಿಂದ ಬೆಳೆಸಿದ ಡಿಐಪಿಜಿ ಕೋಶಗಳ ವರದಿ.
2015: ನರಕೋಶಗಳ ಚಟುವಟಿಕೆಯಿಂದ ಗಡ್ಡೆ ಬೆಳೆಯುವುದರ ಪತ್ತೆ.
2018: ಜಿಡಿ2 ಕಾರ್-ಟಿ, ಇಲಿಗಳಲ್ಲಿ ಯಶಸ್ಸು.
2019: ಗಡ್ಡೆ ಮತ್ತು ನರಕೋಶಗಳ ನಡುವಿನ ನೇರ ಸಂಪರ್ಕದ ಪತ್ತೆ.
2020: ರೋಗಿಗಳ ಮೇಲೆ ಕಾರ್-ಟಿ ಪರೀಕ್ಷೆ ಆರಂಭ.
2021: ಮೆಕಾರ್ಥರ್ ಫೆಲೋಷಿಪ್.
2024: 11 ರೋಗಿಗಳ ಫಲಿತಾಂಶ ಪ್ರಕಟ.
2025: ಬ್ರೈನ್ ಪ್ರೈಜ್.

ಕೊನೆಯ ಮಾತು

ಇಷ್ಟೆಲ್ಲ ಪ್ರಶಸ್ತಿ, ಸಂಶೋಧನೆಗಳ ಬುಡದಲ್ಲಿರುವುದು ಮಗುವನ್ನು ಕಳೆದುಕೊಂಡ ದಿನವೇ "ಇನ್ನೊಬ್ಬರ ಮಗುವಾದರೂ ಉಳಿಯಲಿ" ಎಂದು ಒಪ್ಪಿಗೆ ಕೊಟ್ಟ ತಂದೆ ತಾಯಿಯರು. ನಮ್ಮಲ್ಲಿ ತೀರಿಕೊಂಡ ಮಗುವಿನ ಮೈ ಮುಟ್ಟಲು ಬಿಡುವುದು ಸುಲಭದ ಮಾತಲ್ಲ. ಆ ದುಃಖಕ್ಕೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲೇ ಮೆದುಳು ಬ್ಯಾಂಕ್ ಆರಂಭವಾಯಿತು, ಕೊಡಬೇಕೆನ್ನುವವರಿಗೆ ನಮ್ಮ ನಾಡಿನಲ್ಲೂ ದಾರಿಯಿದೆ ಎಂಬುದು ತಿಳಿದಿರಲಿ.

ಮತ್ತೆ ಚೋರ್ಲಾ ಘಾಟಿನ ಬಸ್ಸಿಗೆ ಬರೋಣ. ಆ ಲಕೋಟೆ ಹಿಡಿದ ತಂದೆ ನಿಮ್ಮ ಪಕ್ಕದ ಸೀಟಿನಲ್ಲಿ ಕೂತರೆ ಯಾವುದೋ ಮದ್ದಿನ ಹೆಸರು ಹೇಳಬೇಡಿ. ವರದಿ ಓದಲು ಬಂದರೆ ಓದಿ ಹೇಳಿ. ಯಾವ ಊರಿನ ಯಾವ ಆಸ್ಪತ್ರೆಗೆ ಹೋಗಬೇಕೆಂದು ಗೊತ್ತಿದ್ದರೆ ತಿಳಿಸಿ. ಆ ಹೊತ್ತಿಗೆ ಅವರಿಗೆ ಬೇಕಾಗಿರುವುದು ಅಷ್ಟೇ.